ಮಿನುಗುತಾರೆ ಕಲ್ಪನಾ

ಶರಣರ ಮಹಾಮನೆಯಲ್ಲಿ ಕಾಯಕಕ್ಕೆ ಮೇಲು ಕೀಳೆಂಬುದಿರಲಿಲ್ಲ. ವೇಷ ಧರಿಸಿ ಜನರೆದುರು ನಿಲ್ಲುವುದನ್ನೇ ಕಾಯಕವಾಗಿಸಿಕೊಂಡಿದ್ದ ಬಹುರೂಪಿ ಚೌಡಯ್ಯನೂ, ಹಾಸ್ಯದಿಂದ ನಗಿಸುವುದನ್ನೇ ಕಾಯಕವಾಗಿಸಿಕೊಂಡಿದ್ದ ನಗೆಯ ಮಾರಿತಂದೆಯೂ ಆ ಮಹಾನುಭಾವರ ಸಾಲಿನಲ್ಲಿಯೇ ಕುಳಿತು ವಚನಗಳನ್ನು ರಚಿಸಿದರು. ಬಣ್ಣ ಹಚ್ಚುವವರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಕೀಳುಗಣ್ಣಿನಿಂದ ನೋಡುವ ರೂಢಿ ಬಳಿಕ ಬಂದದ್ದು. ಆ ರೂಢಿ ಇನ್ನೂ ಬಲವಾಗಿದ್ದ ಕಾಲದಲ್ಲಿ ಚಿತ್ರರಂಗವನ್ನು ಪ್ರವೇಶಿಸಿ, ಕೇವಲ ಹದಿನಾರು ವರ್ಷಗಳ ಅವಧಿಯಲ್ಲಿ ಕನ್ನಡ ಕುಟುಂಬಗಳ ಅಂತಃಪುರದ ನೋವನ್ನು ಬೆಳ್ಳಿತೆರೆಯ ಮೇಲೆ ತಂದು ನಿಲ್ಲಿಸಿದ ಕಲಾವಿದೆ ಕಲ್ಪನಾ. ಮಿನುಗುತಾರೆ ಎಂಬ ಬಿರುದು ಅವರಿಗೆ ಜನತೆಯೇ ಪ್ರೀತಿಯಿಂದ ಕೊಟ್ಟದ್ದು. ಅವರ ಹೆಸರಿಗಿಂತ ಮೊದಲು ಆ ಬಿರುದು ಇಂದಿಗೂ ನಾಲಗೆಯ ಮೇಲೆ ಬರುತ್ತದೆ.

ಕಲ್ಪನಾ ಅವರ ಮೂಲ ಹೆಸರು ಶರತ್‌ಲತಾ. 1943ರ ಜುಲೈ 18ರಂದು ದಕ್ಷಿಣ ಕನ್ನಡದಲ್ಲಿ ಕೃಷ್ಣಮೂರ್ತಿ ಹಾಗೂ ಜಾನಕಮ್ಮ ದಂಪತಿಗಳ ಮಗಳಾಗಿ ಜನಿಸಿದರು. ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಅವಕಾಶವನ್ನರಸಿ ಅಲ್ಲಿಗೆ ಹೋಗುವ ಕನ್ನಡದ ಹುಡುಗಿಯರಿಗೆ ಪರಭಾಷೆಯ ಊರು, ಪರಭಾಷೆಯ ಧಣಿಗಳು, ಅನಿಶ್ಚಿತವಾದ ಸಂಭಾವನೆ ಇವೆಲ್ಲವೂ ಎದುರಾಗುತ್ತಿದ್ದವು. ಅಂಥ ಸನ್ನಿವೇಶದಲ್ಲಿ ಬಿ. ಆರ್. ಪಂತುಲು ಅವರ ನಿರ್ದೇಶನದ ಸಾಕುಮಗಳು ಚಿತ್ರದ ಮೂಲಕ 1963ರಲ್ಲಿ ಕಲ್ಪನಾ ತೆರೆಯನ್ನು ಕಂಡರು. ಮುಂದಿನ ಮೂರು ನಾಲ್ಕು ವರ್ಷ ಅವರಿಗೆ ದೊರೆತದ್ದು ಸಾಧಾರಣ ಅವಕಾಶಗಳೇ. 1966ರಲ್ಲಿ ತಮಿಳಿನ ಮದ್ರಾಸ್ ಟು ಪಾಂಡಿಚೇರಿ ಎಂಬ ಹಾಸ್ಯಚಿತ್ರದಲ್ಲಿಯೂ ನಾಯಕಿಯಾದರು. ಅಷ್ಟರಲ್ಲಿಯೇ ನಿಂತಿದ್ದರೆ ಅವರ ಹೆಸರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ.

ಅವರ ನಿಜವಾದ ಉದಯ 1967ರ ಬೆಳ್ಳಿಮೋಡ ಚಿತ್ರದಿಂದ ಆಯಿತು. ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವದು. ಕಥೆ ತ್ರಿವೇಣಿಯವರ ಕಾದಂಬರಿಯದು. ಬೇಂದ್ರೆಯವರ ಬೆಳಗು ಕವನವನ್ನು ಚಲನಚಿತ್ರದ ಹಾಡಾಗಿ ನಾಡಿನ ಮನೆಮನೆಗೆ ತಲುಪಿಸಿದ ಕೀರ್ತಿಯೂ ಆ ಚಿತ್ರಕ್ಕೇ ಸಲ್ಲುತ್ತದೆ. ಶ್ರೀಮಂತ ತೋಟದ ಮನೆಯ ಏಕೈಕ ಪುತ್ರಿ ಇಂದಿರಾ. ಅವಳನ್ನು ವರಿಸಲಿರುವ ಮೋಹನ ಅವಳ ತಂದೆಯ ಹಣದಿಂದಲೇ ವಿದೇಶಕ್ಕೆ ಹೋಗಿ ವ್ಯಾಸಂಗ ಮಾಡುತ್ತಾನೆ. ಅಷ್ಟರಲ್ಲಿ ತಂದೆತಾಯಿಯರಿಗೆ ತಡವಾಗಿ ಗಂಡುಮಗು ಜನಿಸುತ್ತದೆ. ಆಸ್ತಿ ತನ್ನ ಪಾಲಿಗಿಲ್ಲವೆಂದು ತಿಳಿದೊಡನೆ ವರನ ಮನಸ್ಸು ತಿರುಗುತ್ತದೆ. ಕಾಲಾಂತರದಲ್ಲಿ ಅವನು ಪಶ್ಚಾತ್ತಾಪಪಟ್ಟು ಬಂದಾಗ, ರೋಗಿಯಾಗಿದ್ದ ಅವನ ಶುಶ್ರೂಷೆಯನ್ನು ಮನಸಾರೆ ಮಾಡಿದ ಇಂದಿರಾ, ಅವನ ಕೈಯನ್ನು ಮಾತ್ರ ಹಿಡಿಯಲು ಒಪ್ಪುವುದಿಲ್ಲ. ಕ್ಷಮೆ ಬೇರೆ, ಮರಳಿ ಸ್ವೀಕಾರ ಬೇರೆ. ಈ ಸೂಕ್ಷ್ಮ ಭೇದವನ್ನು ಕಲ್ಪನಾ ಕೂಗಾಟವಿಲ್ಲದೆ, ಅಳುವಿಲ್ಲದೆ, ಕಣ್ಣುಗಳಿಂದಲೇ ತಿಳಿಸಿದರು. ಅಳುವ ನಾಯಕಿಯರನ್ನೇ ನೋಡಿ ಬೇಸತ್ತಿದ್ದ ಪ್ರೇಕ್ಷಕರಿಗೆ ಇದೊಂದು ಹೊಸ ಅನುಭವವಾಗಿತ್ತು.

ಇಲ್ಲಿ ತ್ರಿವೇಣಿಯವರ ವಿಷಯವಾಗಿ ಎರಡು ಮಾತು ಅಗತ್ಯ. ಅನಸೂಯಾ ಶಂಕರ್ ಎಂಬ ಹೆಸರಿನ ಈ ಲೇಖಕಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ, ಮಧ್ಯಮವರ್ಗದ ಗೃಹಿಣಿಯರ ಮಾನಸಿಕ ತುಮುಲಗಳನ್ನು ಕನ್ನಡ ಕಾದಂಬರಿಗೆ ತಂದವರು. ಕಲ್ಪನಾ ತೆರೆಗೆ ಬಂದ 1963ನೆಯ ಇಸವಿಯಲ್ಲಿಯೇ, ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ಅವರು ಅಗಲಿದರು. ತಮ್ಮ ಕಲ್ಪನೆಯ ಹೆಣ್ಣುಮಕ್ಕಳಿಗೆ ತೆರೆಯ ಮೇಲೆ ರೂಪ ಕೊಟ್ಟ ನಟಿಯನ್ನು ಅವರು ನೋಡಲೇ ಇಲ್ಲ. ಕಲ್ಪನಾ ಮೂರು ಬಾರಿ ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿಗೆ ಪಾತ್ರರಾದರು. ಆ ಮನ್ನಣೆಯನ್ನು ತಂದುಕೊಟ್ಟ ಪಾತ್ರಗಳ ಪೈಕಿ ಮುಖ್ಯವಾದವು ತ್ರಿವೇಣಿಯವರ ಲೇಖನಿಯಿಂದ ಮೂಡಿದವೇ.

1968ರ ಹಣ್ಣೆಲೆ ಚಿಗುರಿದಾಗ ಅಂಥದೊಂದು ಚಿತ್ರ. ಎಂ. ಆರ್. ವಿಠಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜ್‌ಕುಮಾರ್ ಹಾಗೂ ಆರ್. ನಾಗೇಂದ್ರರಾಯರಂಥ ದಿಗ್ಗಜರ ನಡುವೆ ಕಲ್ಪನಾ ಎಳೆಯ ವಿಧವೆಯಾಗಿ ಕಾಣಿಸಿಕೊಂಡರು. ಮಗಳ ಓದಿಗೆ, ಮರುಮದುವೆಗೆ ಅಡ್ಡಬರುವ ಮನೆತನದ ಗೌರವವು, ವಯಸ್ಸಾದ ಗಂಡಸಿನ ಆಸೆಗೆ ಮಾತ್ರ ಅಡ್ಡಬರುವುದಿಲ್ಲವೆಂಬ ವಿಪರ್ಯಾಸವೇ ಅದರ ತಿರುಳು. ವಿಧವೆಯ ಪುನರ್ವಿವಾಹ ಶರಣಧರ್ಮಕ್ಕೆ ಹೊಸದಲ್ಲ. ಆದರೂ ಆಚರಣೆಯಲ್ಲಿ ಲಿಂಗಾಯತ ಮನೆಗಳೂ ಎಷ್ಟೋ ಕಡೆ ಅದನ್ನು ಮರೆತಿದ್ದವೆಂಬುದನ್ನು ಒಪ್ಪಿಕೊಳ್ಳಬೇಕು.

ಈ ಚಿತ್ರಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಂಥ ಊರುಗಳಿಗೆ ಹೊತ್ತು ತಂದ ಅರ್ಥವೇ ಬೇರೆ. ಕವಿರಾಜಮಾರ್ಗದ ರಾಜಧಾನಿ ಮಳಖೇಡ ಸೇಡಂ ತಾಲೂಕಿನಲ್ಲಿಯೇ ಇದ್ದರೂ, 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕನ್ನಡ ಶಿಕ್ಷಣಕ್ಕೆ ಸರ್ಕಾರದ ಆಸರೆ ಇರಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು ಮಠಗಳು. 1956ರಲ್ಲಿ ಮೈಸೂರು ರಾಜ್ಯದೊಡನೆ ಸೇರಿದ ಬಳಿಕ ಹೆಣ್ಣುಮಕ್ಕಳು ಮೆಲ್ಲಮೆಲ್ಲನೆ ಹೈಸ್ಕೂಲಿನ ಮೆಟ್ಟಿಲು ಹತ್ತತೊಡಗಿದರು. ತೆಲುಗು ಗಡಿಯ ಚಿಂಚೋಳಿ, ಸೇಡಂಗಳಲ್ಲಿ ತೆಲುಗು ಮಾತು. ಸಿಮೆಂಟು ಕಾರ್ಖಾನೆಯ ಮತ್ತು ರೈಲ್ವೆಯ ಜನ ನೆಲೆಸಿದ ವಾಡಿ, ಶಹಾಬಾದ್‌ಗಳಲ್ಲಿ ಹಿಂದಿ, ಉರ್ದು, ಮರಾಠಿ ಮಾತು. ಇವುಗಳ ನಡುವೆ ಕನ್ನಡದ ಕಾದಂಬರಿಯೂ ಕನ್ನಡದ ಚಿತ್ರವೂ ಒಂದನ್ನೊಂದು ಕೈಹಿಡಿದು ಬಂದದ್ದು ಸಣ್ಣ ಸಂಗತಿಯಲ್ಲ. ಪುಸ್ತಕ ಓದಲಾರದ ತಾಯಿಯೂ, ಓದಬಲ್ಲ ಮಗಳೂ ಒಂದೇ ಕಥೆಯನ್ನು ಕುರಿತು ಮಾತನಾಡುವುದು ಇದರಿಂದ ಸಾಧ್ಯವಾಯಿತು.

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿದ ಗೆಜ್ಜೆಪೂಜೆ ಈ ಸೀಮೆಗೆ ಇನ್ನೂ ಹತ್ತಿರದ ವಸ್ತು. ಪುಟ್ಟಣ್ಣನವರ ಈ ಚಿತ್ರ 1969ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಶ್ರೇಷ್ಠ ಚಿತ್ರವೆಂಬ ಮನ್ನಣೆಯನ್ನೂ, ಚಿತ್ರಕಥೆಗಾಗಿ ಪ್ರಶಸ್ತಿಯನ್ನೂ ಗಳಿಸಿತು. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಚಂದ್ರಾ ಎಲ್ಲರಂತೆ ಓದಬೇಕು, ಮದುವೆಯಾಗಬೇಕು, ಗೃಹಿಣಿಯಾಗಿ ಬಾಳಬೇಕು ಎಂದು ಬಯಸುತ್ತಾಳೆ. ಅವಳ ಬಯಕೆಯಲ್ಲಿ ಅಸಾಧಾರಣವಾದದ್ದೇನೂ ಇಲ್ಲ. ಅದನ್ನು ಕೊಡಲೊಪ್ಪದ ಸಮಾಜದ ಹಟವೇ ಅಸಾಧಾರಣವಾದದ್ದು. ಕಲ್ಪನಾ ಈ ಪಾತ್ರವನ್ನು ಮರುಕಕ್ಕೆ ಬೇಡಿಕೆಯಿಡುವ ಬಲಿಪಶುವನ್ನಾಗಿ ಮಾಡದೆ, ನಗುನಗುತ್ತ ಪುಸ್ತಕ ಹಿಡಿದು ಓಡಾಡುವ ಹುಡುಗಿಯನ್ನಾಗಿ ಮಾಡಿದರು. ಆದ್ದರಿಂದಲೇ ಕೊನೆಯ ದುರಂತ ನೋಡುವವರನ್ನು ಅಷ್ಟು ಗಾಢವಾಗಿ ತಟ್ಟುತ್ತದೆ. ಎಂಟು ನೂರು ವರ್ಷಗಳ ಹಿಂದೆ ಸೂಳೆ ಸಂಕವ್ವೆಗೆ ಶರಣರ ನಡುವೆ ಸ್ಥಾನ ದೊರೆತಿತ್ತು, ವಚನ ರಚಿಸುವ ಅಧಿಕಾರ ದೊರೆತಿತ್ತು. ಇಪ್ಪತ್ತನೆಯ ಶತಮಾನದ ಚಂದ್ರಾಳಿಗೆ ಒಂದು ಮನೆಯ ಹೊಸ್ತಿಲೂ ದೊರೆಯಲಿಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕದ ಶಾಸನಸಭೆ ಅಂಗೀಕರಿಸಿದ್ದು 1982ರಲ್ಲಿ. ಆ ವೇಳೆಗೆ ಚಂದ್ರಾಳ ಪಾತ್ರಧಾರಿಣಿ ತೀರಿಕೊಂಡು ಮೂರು ವರ್ಷವಾಗಿತ್ತು.

ಇದೇ ಅವಧಿಯಲ್ಲಿ ಆರ್ಯಾಂಬ ಪಟ್ಟಾಭಿಯವರ ಕಾದಂಬರಿಯ ಕಪ್ಪು ಬಿಳುಪು ಚಿತ್ರದಲ್ಲಿ ದ್ವಿಪಾತ್ರ, ಚದುರಂಗರ ಸರ್ವಮಂಗಳಾ ಮತ್ತು ಉಯ್ಯಾಲೆಗಳಲ್ಲಿ ರಾಜ್‌ಕುಮಾರ್ ಅವರ ಜೊತೆ ಗಂಭೀರ ಭೂಮಿಕೆಗಳು, ಎನ್. ಲಕ್ಷ್ಮೀನಾರಾಯಣ ಅವರ ಮುಕ್ತಿ, ಹೀಗೆ ಒಂದರ ಹಿಂದೊಂದು ಚಿತ್ರಗಳು ಬಂದವು. ಕುಷ್ಠರೋಗದ ಬಗೆಗಿನ ಭಯವನ್ನು ನಿವಾರಿಸುವ ಉದ್ದೇಶದಿಂದ 1967ರಲ್ಲಿ ತಯಾರಾದ ಬಂಗಾರದ ಹೂವು ಚಿತ್ರದಲ್ಲಿಯೂ ಅವರಿದ್ದರು. ಕನ್ನಡ ಕಾದಂಬರಿಗಳನ್ನು ಇಷ್ಟೊಂದು ಸಂಖ್ಯೆಯಲ್ಲಿ ತಮ್ಮ ಅಭಿನಯದಿಂದ ಜನರ ಬಳಿಗೆ ಒಯ್ದ ನಟಿ ಆ ಪೀಳಿಗೆಯಲ್ಲಿ ಮತ್ತೊಬ್ಬರಿಲ್ಲವೆನ್ನಬಹುದು.

ಅವರ ಕಲಾಜೀವನದ ಶಿಖರ ಶರಪಂಜರ. 1970ರ ದಶಕದ ಆರಂಭದಲ್ಲಿ ಬಂದ ಈ ವರ್ಣಚಿತ್ರದ ಕಾವೇರಿಯನ್ನು ನೋಡದ ಕನ್ನಡಿಗ ಆ ತಲೆಮಾರಿನಲ್ಲಿ ವಿರಳ. ಪ್ರೀತಿಸಿ ಮದುವೆಯಾದ ಸುಖೀ ಗೃಹಿಣಿ. ಎರಡನೆಯ ಹೆರಿಗೆಯ ಬಳಿಕ ಅವಳ ಮನಸ್ಸು ಕದಡುತ್ತದೆ. ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಕರೆಯುವ ಕಾಯಿಲೆ ಇದು. ಗಾಳಿ ಸೋಕಿತು, ಯಾರೋ ಮಾಟ ಮಾಡಿಸಿದರು ಎಂದು ಹೇಳಿ ಬಾಣಂತಿಯನ್ನು ವೈದ್ಯರ ಬಳಿಗಲ್ಲದೆ ಗಾಣಗಾಪುರಕ್ಕೋ ದರ್ಗಾಕ್ಕೋ ಕರೆದೊಯ್ಯುವ ವಾಡಿಕೆ ಕಲಬುರಗಿ ಜಿಲ್ಲೆಯಲ್ಲಿ ಆಗ ಸಾಮಾನ್ಯವಾಗಿತ್ತು. ತ್ರಿವೇಣಿಯವರು ಅದನ್ನು ಇತರ ಕಾಯಿಲೆಗಳಂತೆಯೇ ಗುಣವಾಗಬಲ್ಲ ಕಾಯಿಲೆಯೆಂದು ತೋರಿಸಿದರು. ಕಾವೇರಿ ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ನಿಜವಾಗಿಯೇ ಗುಣಹೊಂದಿ ಹಿಂತಿರುಗುತ್ತಾಳೆ. ಕಥೆಯ ಕ್ರೌರ್ಯವಿರುವುದು ಇಲ್ಲಿಂದ ಮುಂದೆ. ಮನೆಯಾಳು ಅವಳನ್ನು ಅನುಮಾನದಿಂದ ನೋಡುತ್ತಾಳೆ. ನೆರೆಹೊರೆಯವರು ಪಿಸುಗುಟ್ಟುತ್ತಾರೆ. ಅವಳು ಜೋರಾಗಿ ನಕ್ಕರೆ ಹುಚ್ಚು, ಮೌನವಾಗಿ ಕುಳಿತರೂ ಹುಚ್ಚು. ಗಂಡನ ಮನಸ್ಸು ಬೇರೆಡೆಗೆ ವಾಲಿರುತ್ತದೆ. ಔಷಧ ವಾಸಿಮಾಡಿದ ಮನಸ್ಸನ್ನು ಮನೆ ಮತ್ತೆ ಕೆಡಿಸುತ್ತದೆ.

ಈ ಉತ್ತರಾರ್ಧದಲ್ಲಿ ಕಲ್ಪನಾ ತೋರಿದ ಅಭಿನಯ ಅಧ್ಯಯನಯೋಗ್ಯವಾದದ್ದು. ಹುಚ್ಚಿನ ದೃಶ್ಯಗಳನ್ನು ಅಬ್ಬರದಿಂದ ಅಭಿನಯಿಸುವುದು ಕಷ್ಟವಲ್ಲ. ತಾನು ಸ್ವಸ್ಥಳೆಂದು ಎಲ್ಲರಿಗೂ ಸಾಬೀತುಪಡಿಸಲು ಹೆಣಗುತ್ತಿರುವ ಹೆಣ್ಣಿನ ಅಳುಕನ್ನು, ಅತಿಯಾದ ಎಚ್ಚರವನ್ನು, ತುಟಿಯಂಚಿನ ನಗುವನ್ನು ತೋರಿಸುವುದು ಕಷ್ಟ. ಅದನ್ನವರು ಸಾಧಿಸಿದರು. ಈ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಸಂದಿತು. ಚಿತ್ರಕ್ಕೂ ರಾಷ್ಟ್ರಮಟ್ಟದಲ್ಲಿ ಕನ್ನಡದ ಶ್ರೇಷ್ಠ ಚಿತ್ರವೆಂಬ ಗೌರವ ದೊರೆಯಿತು. ಗುಣಹೊಂದಿ ಮನೆಗೆ ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬ ಪ್ರಶ್ನೆಯನ್ನು ವೈದ್ಯರ ಎಷ್ಟು ಉಪನ್ಯಾಸಗಳೂ ಇಷ್ಟು ಮನಮುಟ್ಟುವಂತೆ ಜನರ ಮುಂದಿಟ್ಟಿರಲಾರವು.

ಗುಣಗಳ ಜೊತೆಗೆ ದೋಷವನ್ನೂ ಹೇಳುವುದು ಚರಿತ್ರೆ ಬರೆಯುವವರ ಧರ್ಮ. ಮಾತುಗಳನ್ನು ಎಳೆದು, ಒತ್ತಿ, ಬಿಡಿಬಿಡಿಯಾಗಿ ಉಚ್ಚರಿಸುವುದು ಕಲ್ಪನಾ ಅವರ ಹೆಗ್ಗುರುತಾಗಿತ್ತು. ಸಮರ್ಥ ನಿರ್ದೇಶಕರ ಕೈಯಲ್ಲಿ ಅದು ಪಾತ್ರಕ್ಕೆ ಕಳೆಯಿತ್ತಿತು. ನಂತರದ ಕೆಲವು ಚಿತ್ರಗಳಲ್ಲಿ ಅದೇ ಒಂದು ಚಾಳಿಯಾಗಿ ಕಿವಿಗೆ ಕಟುವಾಯಿತು. ಅವರ ಸೀರೆ, ರವಿಕೆ, ಬಳೆ, ಉಂಗುರಗಳನ್ನು ಅನುಕರಿಸುವ ಹುಚ್ಚು ಊರೂರಿಗೂ ಹಬ್ಬಿದ್ದುಂಟು. ಪ್ರೇಕ್ಷಕರ ಗಮನ ಪಾತ್ರವನ್ನು ಬಿಟ್ಟು ಉಡುಗೆಯ ಕಡೆಗೆ ಹರಿದದ್ದರಿಂದ ಅವರ ಕಲೆಗೆ ನಷ್ಟವೇ ಆಯಿತು.

ಶರಪಂಜರದ ತರುವಾಯ ಪುಟ್ಟಣ್ಣನವರ ಚಿತ್ರಗಳಲ್ಲಿ ಕಲ್ಪನಾ ಕಾಣಿಸಿಕೊಳ್ಳಲಿಲ್ಲ. 1973ರ ಗಂಧದ ಗುಡಿ, 1974ರ ಎರಡು ಕನಸು ಚಿತ್ರಗಳು ಅಪಾರ ಜನಪ್ರಿಯತೆ ಗಳಿಸಿದವು. ವಾಣಿಯವರ ಕಾದಂಬರಿಯ ಎರಡು ಕನಸು ಚಿತ್ರದಲ್ಲಿ, ಬೇರೊಬ್ಬಳ ನೆನಪಿನಲ್ಲಿ ಮುಳುಗಿದ ಗಂಡನ ಒಲವಿಗಾಗಿ ತಾಳ್ಮೆಯಿಂದ ಕಾಯುವ ಗೌರಿಯ ಪಾತ್ರ ಅವರ ಹಳೆಯ ತೇಜಸ್ಸನ್ನು ಮತ್ತೊಮ್ಮೆ ಬೆಳಗಿತು. ಆದರೆ ಚಿತ್ರರಂಗದ ಗಾಳಿ ಆಗಲೇ ಬದಲಾಗತೊಡಗಿತ್ತು. ಹೊಸ ನಾಯಕಿಯರು ಬಂದರು. ಮೂವತ್ತು ದಾಟಿದ ನಾಯಕನಿಗೆ ಇಲ್ಲದ ಅಡ್ಡಿ ಮೂವತ್ತು ದಾಟಿದ ನಾಯಕಿಗೆ ಎದುರಾಯಿತು. ತಾಯಿಯ, ಅತ್ತಿಗೆಯ ಪಾತ್ರಗಳಿಗೆ ಸರಿದು ದೀರ್ಘಕಾಲ ಬಾಳಿದ ಕಲಾವಿದೆಯರಿದ್ದಾರೆ. ಕಲ್ಪನಾ ಆ ದಾರಿಯನ್ನು ಹಿಡಿಯಲಿಲ್ಲ.

ಅವರು ಹಿಡಿದದ್ದು ರಂಗಭೂಮಿಯ ದಾರಿ. ಉತ್ತರ ಕರ್ನಾಟಕದಲ್ಲಿ ವೃತ್ತಿ ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಟೆಂಟು ಹಾಕುತ್ತ ಬಂದಿರುವುದು ಎಲ್ಲರೂ ಬಲ್ಲ ವಿಷಯ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಂಥ ಸಂದರ್ಭಗಳಲ್ಲಿ ಚಿತ್ರತಾರೆಯ ಹೆಸರಿರುವ ನಾಟಕಕ್ಕೆ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುವ ಜನರಿದ್ದ ಕಾಲವದು. ಆದರೆ ಕಂಪನಿಯ ಬದುಕು ಸುಲಭದ್ದಲ್ಲ. ರಾತ್ರಿಯೆಲ್ಲ ಪ್ರದರ್ಶನ, ಹಗಲೆಲ್ಲ ಪ್ರಯಾಣ, ಇಂದಿನ ಗಲ್ಲಾಪೆಟ್ಟಿಗೆಯಲ್ಲಿ ನಾಳಿನ ಊಟ. ಸ್ಟುಡಿಯೋದ ದೀಪಗಳಿಗೆ ಒಗ್ಗಿದ ದೇಹಕ್ಕೂ ಮನಸ್ಸಿಗೂ ಅದು ಕಠಿಣ ಪರೀಕ್ಷೆಯೇ ಆಗಿದ್ದಿರಬೇಕು.

1979ರ ಮೇ 12ರಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಸಮೀಪದ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ನಿಧನರಾದರು. ಮೂವತ್ತಾರು ತುಂಬಲು ಇನ್ನೂ ಎರಡು ತಿಂಗಳಿತ್ತು. ತ್ರಿವೇಣಿಯವರೂ ಮೂವತ್ತೈದನ್ನು ಮುಟ್ಟದೆ ಅಗಲಿದವರು. ಕಲ್ಪನಾ ಅವರ ಸಾವಿನ ಸುತ್ತ ಹುಟ್ಟಿಕೊಂಡ ವದಂತಿಗಳಿಗೆ ಲೆಕ್ಕವಿಲ್ಲ. ಅವರ ಬದುಕಿನ ಪ್ರತಿಯೊಂದು ಸಂಬಂಧವನ್ನೂ, ಪ್ರತಿಯೊಂದು ಕಷ್ಟವನ್ನೂ ಬೀದಿಯಲ್ಲಿಟ್ಟು ಚರ್ಚಿಸಿದವರುಂಟು. ಆ ಚರ್ಚೆ ನಾಲ್ಕು ದಶಕ ಕಳೆದರೂ ಪೂರ್ತಿ ಅಡಗಿಲ್ಲ. ಕಾವೇರಿಗಾಗಿ ಕಣ್ಣೀರಿಟ್ಟ ಜನರೇ ಕಾವೇರಿಯ ನೆರೆಹೊರೆಯವರಂತೆ ಪಿಸುಗುಟ್ಟಿದರು.

ಅವರ ಚಿತ್ರಗಳಾದರೋ ಮರೆಯಾಗಲಿಲ್ಲ. ಬೆಳ್ಳಿಮೋಡ, ಗೆಜ್ಜೆಪೂಜೆ, ಶರಪಂಜರಗಳು ದೂರದರ್ಶನ ಬಂದ ಮೇಲೆ ಚಿತ್ರಮಂದಿರಕ್ಕೆ ಎಂದೂ ಹೋಗದಿದ್ದ ಮುತ್ತೈದೆಯರ, ಅಜ್ಜಿಯರ ಮುಂದೆಯೂ ಬಂದವು. ಮೂಲ ಕಾದಂಬರಿಗಳು ಮತ್ತೆ ಮತ್ತೆ ಮುದ್ರಣಗೊಂಡವು. ಪುಸ್ತಕ ತೆರೆದವರ ಕಣ್ಮುಂದೆ ಇಂದಿರೆಯಾಗಿ, ಚಂದ್ರೆಯಾಗಿ, ಕಾವೇರಿಯಾಗಿ ಇಂದಿಗೂ ಬಂದು ನಿಲ್ಲುವ ಮುಖ ಒಂದೇ.