ನೊಣಕ್ಕೆ ಎಕ್ಸ್-ರೇ ಹೊಡೆದ ಮುಲ್ಲರ್

ಎಕ್ಸ್-ರೇ ಅಂದ್ರೆ ನಮಗೆ ನೆನಪಾಗೋದು ಮುರಿದ ಮೂಳೆ. ಅದೇ ಕಿರಣ ಜೀನನ್ನೂ ಕೆಡಿಸಬಲ್ಲದು ಅಂತ ಅಂಕಿಅಂಶ ಸಮೇತ ತೋರಿಸಿದವನು ಹರ್ಮನ್ ಮುಲ್ಲರ್. ಹುಟ್ಟಿದ್ದು 1890ರಲ್ಲಿ, ನ್ಯೂಯಾರ್ಕಿನಲ್ಲಿ. ಕೊಲಂಬಿಯಾದಲ್ಲಿ ಮಾರ್ಗನ್ ಗುಂಪಿನ ಜೊತೆ ಹಾಲಿನ ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕುತ್ತಾ ಪಳಗಿದ. ತನ್ನ ಐಡಿಯಾಗಳ ಹೆಸರು ಬೇರೆಯವರ ಪಾಲಾಯ್ತು ಅನ್ನೋ ಕೊರಗು ಅವನನ್ನು ಬಿಡಲೇ ಇಲ್ಲ.

1926ರ ಕೊನೆಗೆ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ನೊಣಗಳಿಗೆ ಎಕ್ಸ್-ರೇ ಹಾಯಿಸಿ ಅವುಗಳ ಸಂತಾನವನ್ನು ಎಣಿಸತೊಡಗಿದ. ಮ್ಯುಟೇಶನ್ ಪ್ರಮಾಣ ಸುಮಾರು 150 ಪಟ್ಟು ಏರಿತ್ತು! 1927ರಲ್ಲಿ ಬಂದ ಮೊದಲ ಪೇಪರಿನಲ್ಲಿ ಡೇಟಾನೇ ಇರಲಿಲ್ಲ. (ನಾವು ಹಾಗೆ ಲ್ಯಾಬ್ ರೆಕಾರ್ಡ್ ಕೊಟ್ರೆ ಏನಾಗುತ್ತೆ ಅಂತ ಹೇಳೋದು ಬೇಡ.) ಆಮೇಲೆ ಬರ್ಲಿನ್ ಸಮ್ಮೇಳನದಲ್ಲಿ ಪೂರ್ತಿ ಲೆಕ್ಕ ಮುಂದಿಟ್ಟ.

ಹೆಸರು ಬಂತು, ನೆಮ್ಮದಿ ಬರಲಿಲ್ಲ. 1932ರಲ್ಲಿ ನಿದ್ರೆಮಾತ್ರೆ ನುಂಗಿ ಸಾಯಲು ಹೋಗಿ ಬದುಕಿದ. ಎಡಪಂಥದ ಒಲವಿನಿಂದ ಬರ್ಲಿನ್ ಹಾದು ಸೋವಿಯತ್ ದೇಶ ಸೇರಿದ. ಅಲ್ಲಿ ಲೈಸೆಂಕೋ ಜೀನನ್ನೇ ಅಲ್ಲಗಳೆಯುತ್ತಿದ್ದಾಗ ಮುಲ್ಲರ್ ಬಹಿರಂಗವಾಗಿ ಎದುರು ನಿಂತ. ಅವನ ಸಂಗಡಿಗರಾದ ಆಗೋಲ್, ಲೆವಿತ್ ಗುಂಡಿಗೆ ಬಲಿಯಾದರು. ಇವನು 1937ರಲ್ಲಿ ಸ್ಪೇನ್ ಯುದ್ಧದ ದಾರಿಯಲ್ಲಿ ಪಾರಾಗಿ ಎಡಿನ್‌ಬರೋ ತಲುಪಿದ. ಒಳ್ಳೆ ತಳಿಯ ಮನುಷ್ಯರನ್ನು ಹುಟ್ಟಿಸಬೇಕೆಂಬ ಅವನ ಹಂಬಲ ಮಾತ್ರ ನನಗೆ ಕೊನೇವರೆಗೂ ಇರುಸುಮುರುಸು ತರುತ್ತೆ. ಆ ಪುಸ್ತಕವನ್ನು ಸ್ಟಾಲಿನ್‌ಗೇ ಕಳಿಸಿದ್ದನಲ್ಲ!

ಕಿರಣ ಬಿದ್ದು ತುಂಡಾದ ಕ್ರೋಮೋಸೋಮುಗಳ ತುದಿಗಳು ಮತ್ತೆ ಒಂದಕ್ಕೊಂದು ಅಂಟಿಕೊಳ್ಳೋದನ್ನ ಅವನು ಗಮನಿಸಿದ್ದ. ಸಹಜ ತುದಿಗಳು ಹಾಗೆ ಅಂಟಲ್ಲ. ಅವಕ್ಕೆ 1938ರಲ್ಲಿ ಟೆಲೋಮಿಯರ್ ಅಂತ ಹೆಸರಿಟ್ಟವನು ಇವನೇ. 1946ರಲ್ಲಿ, ಹಿರೋಷಿಮಾದ ಮರುವರ್ಷ, ನೊಬೆಲ್ ಬಂತು. ಸಿಕ್ಕ ಗೌರವವನ್ನೆಲ್ಲ ವಿಕಿರಣದ ಅಪಾಯ ಸಾರೋದಕ್ಕೇ ಬಳಸಿದ. 1955ರ ಜಿನೀವಾ ಅಣು ಸಮ್ಮೇಳನದಲ್ಲಿ ಅವನ ಪ್ರಬಂಧವನ್ನು ಅಮೆರಿಕದ ಅಣುಶಕ್ತಿ ಆಯೋಗವೇ ತಡೆಯಿತು.

ಮರುವರ್ಷ ಆರಿಗನ್‌ನಲ್ಲಿ, ಗಾಮಾ ಕಿರಣ ಹಾಯಿಸಿದ ಮಾಂಸದ ಡಬ್ಬಿಯಲ್ಲಿ ಒಂದು ಕೆಂಪು ಬ್ಯಾಕ್ಟೀರಿಯಾ ಜೀವಂತ ಸಿಕ್ಕಿತು: ಡೈನೋಕಾಕಸ್. ಮನುಷ್ಯನಿಗೆ 5 ಗ್ರೇ ಸಾಕು, ಇದು 5,000 ಗ್ರೇ ತಾಳುತ್ತೆ. ಡಿಎನ್ಎ ನೂರಾರು ಚೂರಾದರೂ, ಜೀನೋಮಿನ ಹಲವು ಪ್ರತಿಗಳಿರೋದ್ರಿಂದ ಒಂದನ್ನು ನೋಡಿ ಇನ್ನೊಂದನ್ನು ಕೆಲವೇ ಗಂಟೆಗಳಲ್ಲಿ ಜೋಡಿಸಿಕೊಳ್ಳುತ್ತೆ. ಮಾಮೂಲಿ ದಿನಗಳಲ್ಲಿ ಡಿಡಿಆರ್‌ಓ ಎಂಬ ಪ್ರೋಟೀನು ರಿಪೇರಿ ಜೀನುಗಳನ್ನು ಅದುಮಿಟ್ಟಿರುತ್ತೆ. ಪೆಟ್ಟು ಬಿದ್ದಾಗ ಐಆರ್‌ಆರ್‌ಇ ಅದನ್ನು ಕತ್ತರಿಸಿ ಸ್ವಿಚ್ ಆನ್ ಮಾಡುತ್ತೆ. ರಿಪೇರಿ ಮಾಡೋ ಪ್ರೋಟೀನುಗಳನ್ನು ಕಾಯೋದು ಕೋಶದೊಳಗಿನ ಮ್ಯಾಂಗನೀಸ್.

ಈ ಸ್ವಿಚ್ಚಿನ ಕತೆ ಬಿಚ್ಚಿಕೊಂಡಿದ್ದು ಬಹಳ ತಡವಾಗಿ. ಮುಲ್ಲರ್ 1967ರಲ್ಲೇ ತೀರಿಕೊಂಡಿದ್ದ.