ನಾದಯೋಗಿ ಕುಮಾರ ಗಂಧರ್ವರು

ಹಿಂದೂಸ್ತಾನಿ ಸಂಗೀತಕ್ಕೆ ಕನ್ನಡ ನಾಡು ಇತ್ತ ಪುತ್ರರತ್ನಗಳಲ್ಲಿ ಪಂಡಿತ ಕುಮಾರ ಗಂಧರ್ವರು ಅಗ್ರಗಣ್ಯರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಲಿಂಗಾಯತ ಮನೆತನದಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಇವರ ಮೂಲನಾಮ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಬಾಲಕನ ಗಾಯನಕ್ಕೆ ಮೆಚ್ಚಿ ಮಠಾಧೀಶರೊಬ್ಬರು ಅನುಗ್ರಹಿಸಿದ ಬಿರುದೇ ಮುಂದೆ ಹೆಸರಾಗಿ ನಿಂತಿತು. ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರು ಅವರಿಗೆ ವಿದ್ಯೆಯನ್ನು ಧಾರೆಯೆರೆದರು.

ಕೀರ್ತಿ ಕೈಗೂಡುತ್ತಿದ್ದ ಕಾಲದಲ್ಲಿಯೇ ಕ್ಷಯರೋಗ ಎರಗಿತು. 1948ರಲ್ಲಿ ಒಣಹವೆಯನ್ನರಸಿ ಅವರು ಮಧ್ಯಪ್ರದೇಶದ ದೇವಾಸಕ್ಕೆ ತೆರಳಿದರು. ಹಾಡಕೂಡದೆಂಬುದು ವೈದ್ಯರ ಕಟ್ಟಪ್ಪಣೆ. ಪತ್ನಿ ಭಾನುಮತಿಯವರ ಶುಶ್ರೂಷೆ, ಪತ್ರಕರ್ತ ರಾಹುಲ ಬಾರಪುತೆಯವರಂತಹ ಗೆಳೆಯರ ಒಡನಾಟ ಹಾಗೂ ಸ್ಟ್ರೆಪ್ಟೊಮೈಸಿನ್ ಔಷಧಿ ಅವರನ್ನು ಉಳಿಸಿದವು. ಕಂಠವು ಮೌನವಾಗಿದ್ದ ಆ ವರ್ಷಗಳಲ್ಲಿ ಕಿವಿಯು ಎಚ್ಚತ್ತಿತ್ತು. ಮಾಳವದ ಹೆಣ್ಣುಮಕ್ಕಳ ಹಾಡುಗಳನ್ನೂ ನಾಥಪಂಥದ ಜೋಗಿಗಳ ನಿರ್ಗುಣ ಪದಗಳನ್ನೂ ಅವರು ಹಾಸಿಗೆಯಲ್ಲಿಯೇ ಆಲಿಸಿ ಮನನ ಮಾಡಿದರು.

ಮರಳಿ ಹಾಡತೊಡಗಿದಾಗ ಒಂದು ಶ್ವಾಸಕೋಶ ನಿಷ್ಕ್ರಿಯವಾಗಿತ್ತು. ದೀರ್ಘಶ್ವಾಸ ಸಾಧ್ಯವಿಲ್ಲದುದರಿಂದ ಚಿಕ್ಕ ಸ್ವರಪುಂಜಗಳನ್ನೂ ಅವುಗಳ ನಡುವಣ ನಿಶ್ಶಬ್ದವನ್ನೂ ಸಾಧನವಾಗಿಸಿಕೊಂಡರು. ಜನಪದ ಧಾಟಿಗಳಿಂದ ಮಾಲವತಿ, ಲಗನಗಂಧಾರ ಮೊದಲಾದ ರಾಗಗಳು ಮೂಡಿದವು. ಸಂಪ್ರದಾಯಸ್ಥರ ಆಕ್ಷೇಪಕ್ಕೆ ಅವರು ಹಿಂಜರಿಯಲಿಲ್ಲ. 1961ರಲ್ಲಿ ಭಾನುಮತಿಯವರ ಅಗಲಿಕೆಯ ದುಃಖವನ್ನುಂಡರೂ ಸಾಧನೆ ನಿಲ್ಲಲಿಲ್ಲ. 1965ರಲ್ಲಿ ಅವರ ಕೃತಿ ‘ಅನೂಪರಾಗವಿಲಾಸ’ ಪ್ರಕಟವಾಯಿತು. ಮುಂದೆ ಪತ್ನಿ ವಸುಂಧರಾ ಅವರು ಗಾಯನದಲ್ಲಿಯೂ ಸಹಧರ್ಮಿಣಿಯಾದರು. ವಚನಗಳನ್ನು ಕೇಳಿ ಬೆಳೆದ ನಾಡಿನವರಿಗೆ ಅವರು ಹಾಡಿದ ಕಬೀರರ ಪದಗಳು ಪರಕೀಯವೆನಿಸಲಿಲ್ಲ.

1990ರಲ್ಲಿ ಪದ್ಮವಿಭೂಷಣ ಪುರಸ್ಕೃತರಾದ ಅವರು 1992ರ ಜನವರಿ 12ರಂದು ದೇವಾಸದಲ್ಲಿಯೇ ಲಿಂಗೈಕ್ಯರಾದರು. ಕೊರತೆಯನ್ನೇ ಸೃಷ್ಟಿಯ ನೆಲೆಯಾಗಿಸಿಕೊಂಡ ಆ ಜೀವನ ಕಲಿಯುವವರಿಗೂ ಕಲಿಸುವವರಿಗೂ ದಾರಿದೀಪ.