ಖಡಕ್‌ವಾಸ್ಲೆಯ ನೀರೂ ವಿಶ್ವೇಶ್ವರಯ್ಯನವರೂ

ರಜೆಯ ದಿನ ಬುತ್ತಿ ಕಟ್ಟಿಕೊಂಡು, ಮಕ್ಕಳೊಡನೆ ಖಡಕ್‌ವಾಸ್ಲಾ ಕೆರೆಯ ದಂಡೆಗೆ ಹೋಗಿ ಬಾರದ ಕನ್ನಡ ಕುಟುಂಬ ಪುಣೆಯಲ್ಲಿ ವಿರಳ. ಆ ನೀರಿಗೂ ನಮ್ಮ ನಾಡಿನ ಮಹನೀಯರೊಬ್ಬರಿಗೂ ಇರುವ ನಂಟನ್ನು ಮಕ್ಕಳಿಗೆ ಹೇಳಿದವರು ಮಾತ್ರ ಇನ್ನೂ ವಿರಳ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿ, 1881ರಲ್ಲಿ ಬಿ.ಎ. ಪದವೀಧರರಾದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಸಾಯನ್ಸ್ ಕಾಲೇಜನ್ನು ಸೇರಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯ ನೌಕರಿ ದೊರೆಯಿತು. ನಮ್ಮಂತೆಯೇ ಅವರೂ ಕೆಲಸಕ್ಕಾಗಿ ಪರಸ್ಥಳದಲ್ಲಿ ನೆಲೆಸಿದವರು.

ನಾಸಿಕ, ಸಕ್ಕರ ಮೊದಲಾದ ಕಡೆ ದುಡಿದು ಅವರು ಪುಣೆಯ ನೀರಾವರಿಯ ಹೊಣೆ ಹೊತ್ತಾಗ, ನೀರಿನ ಲೆಕ್ಕ ಎಷ್ಟು ಸೂಕ್ಷ್ಮವೆಂಬುದು ಅವರಿಗೆ ಕರಗತವಾಗಿತ್ತು. ಕಾಲುವೆಯ ಬಾಗಿಲನ್ನು ಗೇಣುದ್ದ ಎತ್ತಿದರೆ ಅದರಡಿ ಹರಿಯುವ ನೀರೆಷ್ಟು? ಕಂಡಿಯ ಅಳತೆಯೊಂದರಿಂದಲೇ ಅದು ತಿಳಿಯದು. ಹಿಂದೆ ನಿಂತ ನೀರಿನ ಎತ್ತರವೂ ಬೇಕು. ಆ ಎತ್ತರ 4 ಪಟ್ಟಾದರೆ ಹರಿವಿನ ವೇಗ ಸುಮಾರು 2 ಪಟ್ಟಾಗುತ್ತದೆ. ಆದುದರಿಂದ ಮಟ್ಟವನ್ನು ಕಾಯುವುದೇ ನೀರಾವರಿಯ ಮೊದಲ ಕೆಲಸ.

ಮಳೆಗಾಲದಲ್ಲಿ ಖಡಕ್‌ವಾಸ್ಲಾ ಕೋಡಿ ಬಿದ್ದು ನೀರು ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗೆ ಕೊರತೆ. ಅಣೆಕಟ್ಟನ್ನು ಎತ್ತರಿಸದೆ, ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಯೋಜಿಸಿದರು. ನೀರು ಗೊತ್ತಾದ ಮಟ್ಟ ಮೀರಿದೊಡನೆ ಬಾಗಿಲು ತಾನಾಗಿ ತೆರೆಯುವುದು. ಮಟ್ಟ ಇಳಿದರೆ ತಾನಾಗಿ ಮುಚ್ಚುವುದು. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳಿಂದ ಕೆರೆಯಲ್ಲಿ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಈ ಏರ್ಪಾಡು ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಬಂದಿತು.

ಕೂಡಿಸಿದ ನೀರನ್ನು ನ್ಯಾಯವಾಗಿ ಹಂಚುವುದು ಇನ್ನೂ ಕಠಿಣ. ನೀರಾ ಕಾಲುವೆಯ ಪ್ರದೇಶಕ್ಕೆ ಅವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಬೆಳೆಗಳನ್ನು ಸರದಿಯಂತೆ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ನೀರು ತಲುಪಿಸುವುದು ಅದರ ಉದ್ದೇಶ. ರೈತರು ಮೊದಲು ಶಂಕಿಸಿದರು, ಕ್ರಮೇಣ ಒಪ್ಪಿದರು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಲ್ಲಿ ದಿವಾನರಾಗಿ ಅವರು ಮಾಡಿದ ಕಾರ್ಯ ನಾಡಿಗೆಲ್ಲ ತಿಳಿದದ್ದು. 1955ರಲ್ಲಿ ಭಾರತರತ್ನ ಅವರಿಗೆ ಸಂದಿತು.

ಅವರು ನೂರರ ಹೊಸ್ತಿಲಲ್ಲಿದ್ದಾಗ, 1961ರ ಜುಲೈ 12ರಂದು, ಪಾನ್‌ಶೇತ ಅಣೆಕಟ್ಟು ಒಡೆಯಿತು. ಆ ಪ್ರವಾಹಕ್ಕೆ ಖಡಕ್‌ವಾಸ್ಲಾ ಅಣೆಯೂ ಬಿರಿದು ಪುಣೆ ಮುಳುಗಿತು. ಯಾವ ಬಾಗಿಲೂ ತಾಳಲಾರದ ನೀರದು. ಮರುವರ್ಷ, 1962ರ ಏಪ್ರಿಲ್ 14ರಂದು, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ನಿಧನರಾದರು. ಅಣೆಕಟ್ಟನ್ನು ಮತ್ತೆ ಕಟ್ಟಲಾಯಿತು.

ತಮಗೆ ವಿದ್ಯೆ ಕೊಟ್ಟ ಊರಿಗೆ ಅವರು ನೀರನ್ನು ಉಳಿಸಿಕೊಟ್ಟರು. ಅನ್ನ ಕೊಟ್ಟ ಇದೇ ಊರಿಗೆ ನಾವೇನು ಕೊಟ್ಟೆವು? ನವೆಂಬರಿನಲ್ಲಿ ಕನ್ನಡದ ಬಾವುಟ ಏರಿಸುವಾಗ ಈ ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಮೊದಲಿಗೆ, ಮನೆಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದರೂ ಸಾಕು.